ಲಾರಿಗೆ ಹೇಳಿದ ಮಾತು

ನಮ್ಮ ಮನೆಯ ಕಸುಬು ಹೊಲಸು ಎತ್ತುವುದು. ಹೀಗೆ ಹೇಳಿದರೆ ನನ್ನ ಗಂಡನಿಗೆ ಸಿಟ್ಟು ಬರುತ್ತದೆ. 'ಕಾರ್ಖಾನೆ ತೊಟ್ಟಿಗಳ ಶುದ್ಧೀಕರಣ' ಎನ್ನಬೇಕಂತೆ. ಲಾರಿಯ ಬಾಗಿಲ ಮೇಲೂ ತಮಿಳಿನಲ್ಲಿ ಹಾಗೆಯೇ ಬರೆಸಿದ್ದಾರೆ. ಬರೆಸಿದರೇನು, ಜನ ಅದನ್ನು ಮೂಗು ಮುಚ್ಚಿಕೊಂಡೇ ಓದುತ್ತಾರೆ. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿಗಳಂತೂ ನಮ್ಮ ಲಾರಿಯನ್ನು ತಮ್ಮ ಬೀದಿಗೇ ಬಿಡುವುದಿಲ್ಲ. ಅವರ ಮೂಟೆಗಳ ಘಮಕ್ಕೆ ನಮ್ಮ ಗಾಳಿ ತಾಗಿದರೆ ಸರಕು ಕೆಟ್ಟಿತು ಎಂದು ಅವರ ಭಯ.

ಬೋಡಿಯಿಂದ ದಿಂಡಿಗಲ್‌ವರೆಗೆ ಯಾವ ಕಾರ್ಖಾನೆಗೆ ಹೋದರೂ ಹಿಂದುಗಡೆ ಒಂದು ತೊಟ್ಟಿ ಇರುತ್ತದೆ. ಮುಂದಿನ ಬಾಗಿಲಲ್ಲಿ ಹೂಕುಂಡ, ಹಿಂದೆ ತೊಟ್ಟಿ. ಎಣ್ಣೆ ಮಿಲ್ಲಿನದು, ಹಾಲಿನ ಡೈರಿಯದು, ನೂಲಿನ ಗಿರಣಿಯದು, ಹಣ್ಣಿನ ರಸ ಮಾಡುವವರದು, ಎಲ್ಲವೂ ಅದರಲ್ಲಿ ಸೇರುತ್ತದೆ. ಮೇಲಿನ ನೀರನ್ನು ನಮ್ಮ ಲಾರಿ ದಪ್ಪ ಪೈಪಿನಲ್ಲಿ ಹೀರಿಕೊಳ್ಳುತ್ತದೆ. ತಳದಲ್ಲಿ ಕೂತ ಗಸಿ ಮಾತ್ರ ಲಾರಿಗೂ ಬಗ್ಗುವುದಿಲ್ಲ. ಅದನ್ನು ನೀರು ಬಿಟ್ಟು ಕದಡಬೇಕು, ಗೋರಿ ಪೈಪಿನ ಬಾಯಿಗೆ ತಳ್ಳಬೇಕು. ಒಂದು ಮಾತು ಹೇಳುತ್ತೇನೆ, ನಂಬಿದರೆ ನಂಬಿ: ಇಷ್ಟು ತೊಟ್ಟಿಗಳಲ್ಲಿ ಎಲ್ಲಕ್ಕಿಂತ ಕೆಟ್ಟ ನಾತ ಹಾಲಿನದು. ಚರ್ಮ ಹದ ಮಾಡುವವರ ತೊಟ್ಟಿಯ ಪಕ್ಕ ಕೂತು ನಾನು ತಿಂಡಿ ತಿಂದಿದ್ದೇನೆ, ಡೈರಿಯ ತೊಟ್ಟಿಯ ಬಳಿ ಒಂದು ಗುಟುಕು ನೀರೂ ಇಳಿಯಲಿಲ್ಲ.

ಈ ಕೆಲಸಕ್ಕೆ ನಾವು ಮೂವರು. ನನ್ನ ಗಂಡ ಲಾರಿ ಓಡಿಸುತ್ತಾರೆ, ಪಂಪು ನೋಡಿಕೊಳ್ಳುತ್ತಾರೆ. ಅವರ ಅಣ್ಣ, ಅಂದರೆ ನನ್ನ ಭಾವ, ತೊಟ್ಟಿಗೆ ಇಳಿಯುತ್ತಾರೆ. ಅರವತ್ತರ ಹತ್ತಿರ ವಯಸ್ಸು, ಒಣಗಿದ ಮೈ, ಹುಡುಗನಾಗಿದ್ದಾಗಿನಿಂದ ತೋಟದ ಬಾವಿಗಳ ಹೂಳೆತ್ತಿದ ಕೈ. ನಾನು ಕಾಗದ ಹಿಡಿಯುವವಳು. ಕಾಗದ ಹಿಡಿಯುವುದು ಎಂದರೆ ಏನು ಎಂಬುದನ್ನು ಹೇಳುವುದಕ್ಕೆ ಮುಂಚೆ ನಮ್ಮ ಮನೆಯ ಒಂದು ಕಟ್ಟಳೆಯನ್ನು ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನದೆಲ್ಲ ಹುಚ್ಚರ ಸಂತೆ ಎನಿಸುತ್ತದೆ. ತಿಳಿದ ಮೇಲೂ ಹಾಗೆಯೇ ಎನಿಸಬಹುದು, ಅದು ಬೇರೆ ಮಾತು.

ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವಂತಿಲ್ಲ. ಅವರೂ ಅವಳ ಜೊತೆ ಮಾತಾಡುವಂತಿಲ್ಲ. ಮುಟ್ಟುವುದು ಮಾತಿಗಿಂತ ದೊಡ್ಡ ತಪ್ಪು. ಹೆಸರಂತೂ ನಾಲಿಗೆಯ ಮೇಲೆ ಬರಲೇಕೂಡದು. ನಮ್ಮ ಜನದಲ್ಲೇ ಬಹಳ ಮನೆಗಳಲ್ಲಿ ಇದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಾವು ಬಿಟ್ಟಿಲ್ಲ. ಕನ್ನಡದ ಸೀಮೆಯಿಂದ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಲೆಕ್ಕ ತಿಳಿಯದು. ಆ ನೆಲ ಬಿಟ್ಟೆವು, ಅಕ್ಷರ ಬಿಟ್ಟೆವು, ಆಡುವ ಮಾತಿನಲ್ಲಿ ಅರ್ಧ ತಮಿಳಾಯಿತು. ಕನ್ನಡ ಓದಲು ಬರೆಯಲು ಬರುವವಳು ಈ ಮನೆಯಲ್ಲಿ ನಾನೊಬ್ಬಳೇ, ಅದೂ ಹಟ ಹಿಡಿದು ದೊಡ್ಡವಳಾದ ಮೇಲೆ ಕಲಿತದ್ದು. ಇಷ್ಟೆಲ್ಲ ಬಿಟ್ಟವರು ಈ ಒಂದನ್ನು ಮಾತ್ರ ಉಡದ ಹಾಗೆ ಹಿಡಿದುಕೊಂಡಿದ್ದಾರೆ.

ಹಾಗೆಂದು ಒಂದೇ ಮನೆಯಲ್ಲಿ ಇರುವವರು ಮಾತಾಡದೆ ಇರುವುದು ಹೇಗೆ? ಅದಕ್ಕೊಂದು ಉಪಾಯವಿದೆ. ಹೇಳಬೇಕಾದ್ದನ್ನು ಪಕ್ಕದಲ್ಲಿರುವ ಬೇರೆ ಯಾವುದಕ್ಕಾದರೂ ಹೇಳುವುದು. ಮದುವೆಯಾದ ಹೊಸತರಲ್ಲಿ ನಾನು ಹಸುವಿಗೆ ಹೇಳುತ್ತಿದ್ದೆ. "ಹಸುವೇ, ಊಟಕ್ಕೆ ಬಡಿಸಿದೆ ಅಂತ ಯೋಳು." ಹಸು ಹೇಳುತ್ತಿರಲಿಲ್ಲ, ಆದರೂ ಭಾವ ಎದ್ದು ಕೈ ತೊಳೆಯುತ್ತಿದ್ದರು. ಊಟವಾದ ಮೇಲೆ ಅವರು ಕಂಬಕ್ಕೆ ಹೇಳುತ್ತಿದ್ದರು: "ಕಂಬವೇ, ಕೊಳಂಬುಗೆ ಉಪ್ಪು ಕೊಂಜ ಜಾಸ್ತಿ ಅಂತ ಯೋಳು." ಹಸು ಸತ್ತಿತು, ಮನೆ ಕೆಡವಿ ಕಟ್ಟಿದಾಗ ಕಂಬ ಹೋಯಿತು. ಆಮೇಲೆ ಲಾರಿ ಬಂತು. ಮಾತು ದಾಟಿಸಲು ಲಾರಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಎರಡು ಕಡೆಯ ಮಾತನ್ನೂ ಕೇಳುತ್ತದೆ, ಒಂದನ್ನೂ ಬೇರೆಯವರ ಕಿವಿಗೆ ಹಾಕುವುದಿಲ್ಲ. ನಾನು ಲಾರಿಗೆ ಹೇಳುತ್ತಿದ್ದೆ, ಅವರು ಅದರ ಪೈಪಿಗೆ ಹೇಳುತ್ತಿದ್ದರು. ಮದುವೆಯಾಗಿ ಹೀಗೆ ಇಪ್ಪತ್ತು ವರ್ಷಕ್ಕೆ ಹತ್ತಿರ ಬಂತು.

ಈಗ ಕಾಗದದ ವಿಷಯ. ಕೆಲವು ವರ್ಷಗಳಿಂದ ಕಾರ್ಖಾನೆಯವರು ಬಿಗಿಯಾಗಿದ್ದಾರೆ. ತೊಟ್ಟಿಯೊಳಗೆ ಇಳಿಯುವುದಾದರೆ ತರಬೇತಿ ಪಡೆದ ಒಬ್ಬರು ಬಾಯಿಯ ಬಳಿ ಕಾವಲು ನಿಂತಿರಬೇಕು. ಗಾಳಿ ಅಳೆಯುವ ಮಿಷನ್ನು ಅವರ ಕೈಯಲ್ಲಿರಬೇಕು. ಒಳಗೆ ಇಳಿದವರು ಮೇಲೆ ಬರುವ ತನಕ ಅವರು ಅಲ್ಲಿಂದ ಕದಲಕೂಡದು. 'ಸಾಕು, ಮೇಲೆ ಬಾ' ಎಂದು ಅವರು ಅಂದರೆ ಮುಗಿಯಿತು, ಕಾರ್ಖಾನೆಯ ಮುದಲಾಳಿಯೇ ಬಂದರೂ ಅದರ ಮೇಲೆ ಮಾತಿಲ್ಲ. ಆ ತರಬೇತಿಗೆ ದಿಂಡಿಗಲ್ಲಿಗೆ ಹೋದ ನನ್ನ ಗಂಡ ಮೊದಲ ದಿನವೇ ತರಗತಿಯಲ್ಲಿ ಗೊರಕೆ ಹೊಡೆದು ಹೊರಗೆ ಬಂದರು. ಭಾವ ಹೋಗಲೇ ಇಲ್ಲ. ಬಾವಿಗೆ ಇಳಿಯುವುದನ್ನು ಫ್ಯಾನಿನ ಕೆಳಗೆ ಕೂತು ಕಲಿಯುವುದೇ ಎಂದು ಪೈಪಿಗೆ ಹೇಳಿ ನಕ್ಕರು. ಉಳಿದವಳು ನಾನು. ಮದುವೆಗೆ ಮುಂಚೆ ಓದಿದ ರಸಾಯನಶಾಸ್ತ್ರ ಟ್ರಂಕಿನ ತಳದಲ್ಲಿತ್ತು. ಹೋದೆ, ಓದಿದೆ, ಪಾಸಾದೆ.

ಆದ್ದರಿಂದ ನಮ್ಮ ಮನೆಯ ಸ್ಥಿತಿ ಹೀಗಾಯಿತು: ತೊಟ್ಟಿಗೆ ಇಳಿಯುವವರಿಗೆ ಕೊನೆಯ ಮಾತು ಹೇಳಬೇಕಾದವಳು ನಾನು, ಅವರಿಗೆ ಮೊದಲ ಮಾತನ್ನೂ ಹೇಳಕೂಡದವಳೂ ನಾನೇ.

ತರಬೇತಿಯಲ್ಲಿ ನಾನು ಕೇಳದೆ ಇರಲಿಲ್ಲ. ಕಾವಲಿನವರು ಒಳಗಿರುವವರ ಜೊತೆ ಸದಾ ನೇರವಾಗಿ ಮಾತಾಡುತ್ತಿರಬೇಕು ಎಂದು ಮೇಷ್ಟ್ರು ಹೇಳಿದಾಗ ಎದ್ದು ನಿಂತು, ಮಾತಾಡುವಂತಿಲ್ಲದ ಸಂಬಂಧವಾದರೆ ಏನು ಮಾಡುವುದು ಸಾರ್ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಮನೆಯ ಜಗಳವನ್ನು ಮನೆಯಲ್ಲೇ ಬಿಟ್ಟು ಬರಬೇಕು ತಾಯಿ ಎಂದರು. ಜಗಳವಲ್ಲ ಸಾರ್, ಮರ್ಯಾದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮುಂದಿನ ಪಾಠಕ್ಕೆ ಹೋದರು.

ಅರ್ಥ ಮಾಡಿಕೊಂಡವರೆಂದರೆ ದಿಂಡಿಗಲ್ ರಸ್ತೆಯ ಹಣ್ಣಿನ ರಸದ ಕಾರ್ಖಾನೆಯ ಸೇಫ್ಟಿ ಆಫೀಸರು. ಪಳನಿ ಕಡೆಯವರು, ನಲವತ್ತು ದಾಟಿದವರು, ಶರಟಿನ ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಅವರ ಹಾಳೆಯಲ್ಲಿರುವ ಒಂದೊಂದು ಪ್ರಶ್ನೆಗೂ ಉತ್ತರ ತುಂಬದೆ ಅವರು ಉಸಿರೂ ಬಿಡುವವರಲ್ಲ. ಮೊದಲ ಸಲ ಅಲ್ಲಿಗೆ ಹೋದಾಗ, ಒಳಗಿರುವವರಿಗೆ ನಿಮ್ಮ ಮಾತು ಕೇಳಿಸುತ್ತದೆಯೇ, ಒಮ್ಮೆ ಪರೀಕ್ಷೆ ಮಾಡಿ ತೋರಿಸಿ ಎಂದರು. ಭಾವ ತೊಟ್ಟಿಯ ಬಾಯಲ್ಲಿ, ಮೇಲಕ್ಕೆಳೆಯುವ ಹಗ್ಗದ ಬೆಲ್ಟು ಕಟ್ಟಿಕೊಂಡು ನಿಂತಿದ್ದರು. ನಾನು ಬೆನ್ನು ತಿರುಗಿಸಿ ಲಾರಿಯ ಮುಖ ನೋಡಿ ಹೇಳಿದೆ:

"ಲಾರಿಯೇ, ನನ್ ಮಾತು ಕೇಳುಸ್ತದಾ ಅಂತ ಕೇಳು."

ಭಾವ ಬಗ್ಗಿ ಪೈಪಿಗೆ ಹೇಳಿದರು: "ಪೈಪೇ, ಆಮಾ, ಚೆನ್ನಾಗೇ ಕೇಳುಸ್ತದೆ ಅಂತ ಯೋಳು."

ಆಫೀಸರು ನನ್ನನ್ನೂ ಭಾವನನ್ನೂ ಲಾರಿಯನ್ನೂ ಒಂದೊಂದು ಸುತ್ತು ನೋಡಿದರು. ನನ್ನ ಗಂಡ ನಾಚಿಕೆಯಿಂದ ಟೈರಿನ ಗಾಳಿ ನೋಡುವವರ ಹಾಗೆ ಕೂತುಬಿಟ್ಟರು. ಕೊನೆಗೆ ಆಫೀಸರು ಕೇಳಿದರು, ಮಾತು ಹೋಯಿತಾ? ಹೋಯಿತು ಎಂದೆ. ಉತ್ತರ ಬಂತಾ? ಬಂತು ಎಂದೆ. ಮತ್ತೇನು ಬೇಕು ಎಂದು ಅವರು ಹಸಿರು ಪೆನ್ನು ತೆಗೆದು, 'ಸಂಪರ್ಕದ ಸಾಧನ' ಎಂದಿದ್ದ ಕಡೆ 'ವಾಹನದ ಮೂಲಕ' ಎಂದು ಬರೆದರು. ಅದೇ ವರ್ಷ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದವರು ಆ ಹಾಳೆ ನೋಡಿ ಬಹಳ ಮೆಚ್ಚಿಕೊಂಡರಂತೆ. ಲಾರಿಯಲ್ಲಿ ವೈರ್‌ಲೆಸ್ಸು ಕೂರಿಸಿದ್ದೇವೆ ಎಂದು ಅವರು ತಿಳಿದರು. ಉಳಿದ ಗುತ್ತಿಗೆದಾರರೂ ಇನ್ನು ಮುಂದೆ ವಾಹನದ ಮೂಲಕವೇ ಸಂಪರ್ಕ ಇಟ್ಟುಕೊಳ್ಳತಕ್ಕದ್ದು ಎಂದು ಕಾಗದ ಬಂತು. ಪಾಪ, ಅವರೆಲ್ಲ ಏನು ಮಾಡಿದರೋ ಕಾಣೆ.

ಈ ಲಾರಿಯ ಏರ್ಪಾಡು ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಭಾವ ಹಲ್ಲು ಕಟ್ಟಿಸಿದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಇವರಿಗೆ ಎರಡೂ ಇದ್ದು ಎರಡನ್ನೂ ಒಟ್ಟಿಗೆ ಸೇರಿಸಲಾಗಲಿಲ್ಲ. ತೇನಿಯ ಡಾಕ್ಟರು ಕೊಟ್ಟ ಸೆಟ್ಟು ಊಟ ಮಾಡುವಾಗ ಒಸಡಿಗೆ ಒತ್ತುತ್ತಿತ್ತು. ಆದ್ದರಿಂದ ಊಟಕ್ಕೆ ಮುಂಚೆ ತೆಗೆದು ಶರಟಿನ ಜೇಬಿಗೆ ಹಾಕಿಕೊಳ್ಳುವರು, ಊಟವಾದ ಮೇಲೆ ಹಾಕಿಕೊಂಡು ಎಲ್ಲರನ್ನೂ ನೋಡಿ ಒಂದು ಸಲ ನಗುವರು. ಅಗಿಯುವುದಕ್ಕಲ್ಲ, ನಗುವುದಕ್ಕೆ ಮಾತ್ರ ಹಲ್ಲು. ನಗುವಾಗ ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದರು, ಇಲ್ಲ ಎನ್ನುವುದಿಲ್ಲ. ಅವರ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಈ ವಯಸ್ಸಿನಲ್ಲಿ ಯಾರನ್ನು ನೋಡಿ ನಗಬೇಕು ಎಂದು ಗೊಣಗುತ್ತಲೇ ದಿನಾ ಬೆಳಿಗ್ಗೆ ಆ ಹಲ್ಲನ್ನು ಉಪ್ಪುನೀರಿನಲ್ಲಿ ತೊಳೆದು ಕೊಡುತ್ತಿದ್ದಳು.

ಅದೇ ರಸದ ಕಾರ್ಖಾನೆಯಲ್ಲಿ ನಡೆದದ್ದು ಇದು. ಕಂಬಂ ಕಣಿವೆಯ ದ್ರಾಕ್ಷಿ ಬಂದು ಮುಗಿದಿತ್ತು. ನೆಲದೊಳಗಿನ ತೊಟ್ಟಿ, ಎರಡಾಳು ಆಳ, ಗೋಡೆಗೆ ಕೂಡಿಸಿದ ಕಬ್ಬಿಣದ ಏಣಿ, ತಳದಲ್ಲಿ ಸಿಪ್ಪೆ ಬೀಜ ಕೊಳೆತು ಮೊಣಕಾಲುದ್ದ ಕೂತ ಗಸಿ. ವಾಸನೆ ಮಾತ್ರ ಹುಳಿಹುಳಿ ಸಿಹಿಸಿಹಿ, ಮದುವೆ ಮನೆಯ ಹಿತ್ತಿಲಿನದು. ಕೆಟ್ಟ ನಾತಕ್ಕೆ ಜನ ಹೆದರುತ್ತಾರೆ, ಇಂಥದಕ್ಕೆ ಹೆದರುವುದಿಲ್ಲ. ಅದಕ್ಕೇ ನನಗೆ ಇಂಥದೇ ಹೆಚ್ಚು ಭಯ. ಬೆಳಿಗ್ಗೆ ಲಾರಿ ಮೇಲಿನ ನೀರು ಎಳೆಯಿತು. ಮಿಷನ್ನು ಹಗ್ಗದಲ್ಲಿ ಕೆಳಗೆ ಬಿಟ್ಟು ನೋಡಿದೆ, ಸದ್ದಿಲ್ಲ, ಅಂದರೆ ಗಾಳಿ ಸರಿಯಿದೆ. ಗಾಳಿ ಊದುವ ಫ್ಯಾನು ಹಾಕಿದೆವು. ಭಾವ ಬೆಲ್ಟು ಕಟ್ಟಿಕೊಂಡು ಇಳಿದು ಅರ್ಧ ಗಂಟೆ ಗಸಿಯನ್ನು ಕದಡಿ ಪೈಪಿಗೆ ಗೋರಿದರು. ಸುಸ್ತಾಗಿ ಮೇಲೆ ಬಂದು, ಬೆಲ್ಟು ಬಿಚ್ಚಿ, ಎರಡು ಇಡ್ಲಿ ತಿನ್ನಲು ಕೂತರು. ಹಲ್ಲು ಜೇಬಿಗೆ ಹೋಯಿತು.

ಆಗ ಕರೆಂಟು ಹೋಯಿತು. ಫ್ಯಾನು ನಿಂತಿತು. ನನ್ನ ಗಂಡ ಜನರೇಟರ್ ಹಚ್ಚಿಸುತ್ತೇನೆ ಎಂದು ಕಾರ್ಖಾನೆಯ ಆ ಕೊನೆಗೆ ಹೋದರು. ಆಫೀಸರು ಫೋನು ಹಿಡಿದುಕೊಂಡು ಗೇಟಿನ ಕಡೆ ಹೋದರು. ತೊಟ್ಟಿಯ ಬಳಿ ಉಳಿದವರು ನಾನು, ಭಾವ, ಲಾರಿ. ಸ್ವಲ್ಪ ಹೊತ್ತಿಗೆ ಕೆಳಗೆ ತೂಗುತ್ತಿದ್ದ ಮಿಷನ್ನು ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು. ಕದಡಿದ ಗಸಿ ಒಳಗೆ ಹಿಡಿದಿಟ್ಟಿದ್ದ ವಿಷಗಾಳಿಯನ್ನೆಲ್ಲ ಬಿಡುತ್ತಿತ್ತು. ಇದಕ್ಕೇನು ಬಂತು ದೊಡ್ಡರೋಗ ಎಂಬ ಹಾಗೆ ಭಾವ ಎದ್ದು ಬಂದು ಬಗ್ಗಿ ನೋಡಿದರು. ಬಗ್ಗಿದ ಕೂಡಲೇ ಜೇಬಿನಿಂದ ಹಲ್ಲು ಜಾರಿ ತೊಟ್ಟಿಗೆ ಬಿತ್ತು.

ಇಬ್ಬರೂ ಇಣುಕಿ ನೋಡಿದೆವು. ಏಣಿಯ ಬುಡದಲ್ಲಿ, ಕಪ್ಪು ಗಸಿಯ ಮೇಲೆ, ಹಲ್ಲು ಮೇಲ್ಮುಖವಾಗಿ ಕೂತು ನಮ್ಮನ್ನು ನೋಡಿ ನಗುತ್ತಿತ್ತು.

"ಪೈಪೇ," ಎಂದರು ಭಾವ, "ಒಂದ್ ನಿಮಿಸ, ಅಲ್ಲು ತಕ್ಕೊಂಡ್ ಬತ್ತೀನಿ ಅಂತ ಯೋಳು."

"ಲಾರಿಯೇ, ಮಿಸನ್ನು ಬಡ್ಕೋತಾ ಅದೆ, ಇಳೀಬ್ಯಾಡ್ದು ಅಂತ ಯೋಳು," ಎಂದೆ.

"ಪೈಪೇ, ಮಿಸನ್ಗೇನು, ಅದ್ಕೆ ಅಲ್ಲು ಇದ್ರೆ ತಾನೆ ಗೊತ್ತಾಗೋದು ಅಂತ ಯೋಳು."

"ಲಾರಿಯೇ, ಬೆಲ್ಟಾದ್ರೂ ಕಟ್ಕೋಬೇಕಂತೆ. ಫ್ಯಾನ್ ಬರ್ಲಿ ಅಂತ ಯೋಳು."

"ಇಳ್ಯೋದು ಅತ್ತೋದು, ಅಷ್ಟೇ. ಪರ್ವಾಯಿಲ್ಲೆ ಅಂತ ಯೋಳು," ಎಂದು ಅವರು ಏಣಿಯ ಮೇಲೆ ಕಾಲಿಟ್ಟೇಬಿಟ್ಟರು.

ಕೈ ಹಿಡಿದು ಎಳೆಯಬಹುದಿತ್ತು. ಎಳೆಯಲಿಲ್ಲ. ಮುಖಕ್ಕೆ ಮುಖ ಕೊಟ್ಟು ನಿಲ್ಲಿ ಎನ್ನಬಹುದಿತ್ತು. ಅನ್ನಲಿಲ್ಲ. ಅವರ ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋಯಿತು. ನಾನು ಲಾರಿಗೆ ಇನ್ನೂ ಜೋರಾಗಿ ಹೇಳಿದೆ: "ಲಾರಿಯೇ, ಮ್ಯಾಕ್ ಬರ್ಬೇಕಂತೆ ಅಂತ ಯೋಳು."  ಮತ್ತೆರಡು ಸಲ ಹೇಳಿದೆ. ಪೈಪಿಗೆ ಒಂದು ಮಾತೂ ಬರಲಿಲ್ಲ. ಇಂದಿಗೂ ನನಗೆ ನಾಚಿಕೆಯಾಗುವುದು ಇದಕ್ಕೆ. ಕೆಳಗೆ ಮನುಷ್ಯನೊಬ್ಬ ಸಾಯುತ್ತಿರಬಹುದು, ಓದಿದವಳು, ಪಾಸಾದವಳು, ಕುತ್ತಿಗೆಯಲ್ಲಿ ಫೋಟೋ ಹಾಕಿದ ಕಾರ್ಡು ತೂಗಿಸಿಕೊಂಡವಳು, ನಾನು ಮೂರು ಸಲ ನಿಂತು ಲಾರಿಯ ಜೊತೆ ಮಾತಾಡಿದೆ. ಲಾರಿ ಅದರ ಪಾಡಿಗೆ ನಿಂತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅದರ ಮೇಲೆ ನನಗೆ ಸಿಟ್ಟು ಬಂತು.

ಬಗ್ಗಿ ನೋಡಿದೆ. ಅವರು ಏಣಿಯ ನಡುವಿನಲ್ಲಿ ನಿಂತುಬಿಟ್ಟಿದ್ದರು. ಹಲ್ಲಿನ ಕಡೆಗೂ ಹೋಗುತ್ತಿಲ್ಲ, ಮೇಲಕ್ಕೂ ಬರುತ್ತಿಲ್ಲ. ಹಣೆ ಏಣಿಗೆ ಒರಗಿತ್ತು. ಒಂದು ಕೈ ಹಿಡಿತ ಬಿಟ್ಟು ಜೋತುಬಿದ್ದಿತ್ತು. ಹಿಂದೆಯೇ ಇಳಿಯೋಣ ಎನಿಸಿತು. ಹಾಗೆ ಇಳಿದವರು ಯಾರೂ ಮೇಲೆ ಬಂದಿಲ್ಲ, ಒಂದು ಹೆಣದ ಜೊತೆ ಇನ್ನೊಂದು ಅಷ್ಟೇ ಎಂದು ದಿಂಡಿಗಲ್ಲಿನ ಮೇಷ್ಟ್ರು ಹೇಳಿದ್ದು ನೆನಪಾಗಿ ಕಾಲು ನಿಂತಿತು. ನೆಲದ ಮೇಲೆ ಬೋರಲಾಗಿ ಮಲಗಿದೆ. ಅವರ ಹೆಸರು ಕೂಗಿದೆ.

ಆ ಹೆಸರನ್ನು ನಾನು ಮನೆಯಲ್ಲಿ ಯಾರ ಬಾಯಲ್ಲೂ ಕೇಳಿದವಳಲ್ಲ. ಎಲ್ಲರಿಗೂ ಅವರು ದೊಡ್ಡವರು. ತೊಟ್ಟಿಗೆ ಇಳಿಯುವ ಪರ್ಮಿಟ್ಟಿನ ಹಾಳೆಯಲ್ಲಿ ಪ್ರತಿ ಸಲ ನಾನೇ ಬರೆಯುತ್ತಿದ್ದೆನಲ್ಲ, ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಆದ್ದರಿಂದ ಹಾಳೆಯಲ್ಲಿ ಇರುವ ಹಾಗೆಯೇ ಬಾಯಿಗೆ ಬಂತು. ಮೊದಲು ಇನಿಷಿಯಲ್ಲು, ಆಮೇಲೆ ಪೂರ್ತಿ ಹೆಸರು. ಒಮ್ಮೆ ಕೂಗಿದೆ. ಎರಡನೆಯ ಸಲ ಕೂಗುವಾಗ ವಯಸ್ಸನ್ನೂ ಸೇರಿಸಿದೆ ಎಂದು, ಗೇಟಿನ ಬಳಿ ಕೇಳಿಸಿಕೊಂಡ ಆಫೀಸರು ಆಮೇಲೆ ಹೇಳಿದರು. ಇರಬಹುದು.

ಭಾವ ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ, ನನ್ನ ಹಿಂದಿರುವ ಆಕಾಶವನ್ನು ನೋಡಿದ ಹಾಗಿತ್ತು. ಜೋತ ಕೈ ಮೇಲೆ ಬಂದು ಏಣಿಯನ್ನು ಹಿಡಿಯಿತು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಮೂರನೆಯದಕ್ಕೆ ನನ್ನ ಕೈಗೆ ಅವರ ಶರಟಿನ ಕಾಲರು ಸಿಕ್ಕಿತು. ಆಮೇಲೆ ತೋಳು. ಮುಟ್ಟುವುದೂ ಆಯಿತು, ಮಾತಾಡುವುದೂ ಆಯಿತು. ಎಳೆದು ನೆಲಕ್ಕೆ ಹಾಕಿದೆ. ಕೆಮ್ಮಿದರು, ವಾಂತಿ ಮಾಡಿದರು, ಕಣ್ಣು ಕೆಂಪಗಾಗಿತ್ತು. ನಾನು ಅಲ್ಲೇ ಕೂತು ಅಳುತ್ತ, ಬಾಯಿಗೆ ಬಂದ ಹಾಗೆ ಬೈದೆ. ಏನು ಬೈದೆ ಎಂಬುದು ನೆನಪಿಲ್ಲ. ಲಾರಿಗೆ ಬೈಯಲಿಲ್ಲ ಎಂಬುದು ಮಾತ್ರ ನೆನಪಿದೆ.

ಅವರನ್ನು ದಿಂಡಿಗಲ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂಜೆವರೆಗೂ ಮೂಗಿಗೆ ಗಾಳಿ ಹಾಕಿ ಮಲಗಿಸಿದರು. ಹೊರಗಿನ ಬೆಂಚಿನಲ್ಲಿ ಆಫೀಸರು ನನ್ನ ಪಕ್ಕ ಕೂತು ವರದಿ ಬರೆದರು. ಹೇಗೆ ಕರೆದಿರಿ ಎಂದು ಕೇಳಿದರು. ಬಾಯಲ್ಲಿ ಎಂದೆ. ವಾಹನದ ಮೂಲಕ ಅಲ್ಲವೇ? ಅಲ್ಲ ಎಂದೆ. ಅವರ ಮುಖ ಸಪ್ಪಗಾಯಿತು. ಮೇಲಿನವರು ಮೆಚ್ಚಿದ್ದ ಏರ್ಪಾಡು ಹೀಗೆ ಕೈಕೊಟ್ಟಿತಲ್ಲ ಎಂದು ಕೆಂಪು ಪೆನ್ನಿನಲ್ಲಿ ಏನೋ ಗೀಚಿದರು. ಮಾರನೆಯ ದಿನ ಉಳಿದ ಗಸಿಯನ್ನು ಯಾರೂ ಇಳಿಯದೆ, ನೀರು ಬಿಟ್ಟು ಬಿಟ್ಟು ಲಾರಿಯೇ ಎಳೆಯಿತು. ಪೈಪಿನೊಳಗೆ ಕಟಕಟ ಎಂದು ಸದ್ದಾಯಿತು. ಜಾಲರಿ ಬಿಚ್ಚಿ ನೋಡಿದರೆ ಹಲ್ಲು. ನನ್ನ ಗಂಡ ತಂದುಕೊಟ್ಟರು. ವಾರಗಿತ್ತಿ ಅದನ್ನು ಅರಿಶಿನ ಹಾಕಿ ತೊಳೆದಳು, ಮತ್ತೆ ತೊಳೆದಳು, ಮತ್ತೆ ತೊಳೆದಳು. ಭಾವ ಹಾಕಿಕೊಂಡರು. ಅದರ ಬಗ್ಗೆ ಇನ್ನು ಹೆಚ್ಚು ಹೇಳಲಾರೆ.

ಮನೆಯಲ್ಲಿ ನಾನು ಹೆಸರು ಕೂಗಿದ ಸುದ್ದಿ ಮೊದಲು ತಿಳಿದದ್ದು ವಾರಗಿತ್ತಿಗೆ. ಅವಳು ಕೇಳಿದಳು:

"ಪೂರಾ ಏಸ್ರು ಕೂಗ್ದ್ಯಾ?"

"ಆಮಾ ಅಕ್ಕ."

"ನಾನೇ ಇನ್ನೂ ಒಂದ್ ದಪ ಅಂದಿಲ್ಲೆ," ಎಂದಳು. ಬೈಗುಳವೋ ಹೊಟ್ಟೆಕಿಚ್ಚೋ ತಿಳಿಯಲಿಲ್ಲ. ನನಗೆ ಕಾಫಿ ಕೊಟ್ಟಳು, ಸಕ್ಕರೆ ಹಾಕುವುದನ್ನು ಮರೆತಿದ್ದಳು.

ಆ ಭಾನುವಾರ ಕಂಬಂ ಕಡೆಯಿಂದ ನೆಂಟರು ಬಂದರು. ಭಾವನ ಆರೋಗ್ಯ ವಿಚಾರಿಸಲು ಎಂದು ಬಂದವರು, ತೊಟ್ಟಿಯೊಳಕ್ಕೆ ಹೆಸರು ಕೂಗಿದರೆ ಮಾತಾಡಿದ ಹಾಗೆ ಆಗುತ್ತದೆಯೇ ಇಲ್ಲವೇ ಎಂದು ಮಧ್ಯಾಹ್ನದ ಊಟದವರೆಗೂ ಚರ್ಚೆ ಮಾಡಿದರು. ಕೊನೆಗೆ ಒಬ್ಬ ಮಾವ ದಾರಿ ಕಂಡುಹಿಡಿದರು. ಇನಿಷಿಯಲ್ಲು ಸೇರಿಸಿ ಕೂಗಿದ್ದಾಳೆ, ಆದ್ದರಿಂದ ಅವಳು ಕರೆದದ್ದಲ್ಲ, ಕಾಗದ ಓದಿದ್ದು. ಕಾಗದ ಓದುವುದಕ್ಕೆ ದೋಷವಿಲ್ಲ. ಎಲ್ಲರಿಗೂ ಸಮಾಧಾನವಾಯಿತು, ಪಾಯಸ ಬಡಿಸಿ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಜೀವ ಏಣಿಯ ನಡುವಿನಿಂದ ವಾಪಸು ಬಂದಿದೆ, ಇವರಿಗೆ ಕಾಗದದ ಚಿಂತೆ. ಎದುರಿಗೆ ಅನ್ನಲಿಲ್ಲ. ಪಾಯಸಕ್ಕೆ ದ್ರಾಕ್ಷಿ ಹಾಕದೆ ಸೇಡು ತೀರಿಸಿಕೊಂಡೆ.

ನೆಂಟರಿಗೆ ಸಮಾಧಾನವಾಯಿತು, ಭಾವನಿಗೆ ಆಗಲಿಲ್ಲ. ಅವರು ಹದಿನೈದು ದಿನ ನನ್ನ ಕಡೆಗೆ ಒಂದು ಮಾತೂ ಕಳಿಸಲಿಲ್ಲ. ಲಾರಿಗೂ ಇಲ್ಲ, ಪೈಪಿಗೂ ಇಲ್ಲ, ಗೋಡೆಗೂ ಇಲ್ಲ. ನಾನು ಇರುವ ಕಡೆ ಬಂದರೆ ತಲೆ ತಗ್ಗಿಸಿ ಹೋಗಿಬಿಡುವರು. ನನಗೆ ಬಹಳ ನೋವಾಯಿತು. ಹಿರಿಯರ ಮರ್ಯಾದೆ ತೆಗೆದೆ ಎಂದು ಬೇಸರವಾಗಿದೆ, ಇನ್ನು ಇವರು ನನ್ನ ಕಾವಲಿನಲ್ಲಿ ಇಳಿಯುವುದಿಲ್ಲ ಎಂದುಕೊಂಡೆ. ನಾನಿಲ್ಲದೆ ಇಳಿಯುತ್ತಾರೆ, ಆಗ ಕರೆಯುವವರು ಯಾರೂ ಇರುವುದಿಲ್ಲ ಎಂದು ನೆನೆದು ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಂತುಹೋಗುತ್ತಿತ್ತು. ನೀವೇ ಹೋಗಿ ಆ ತರಬೇತಿ ಮುಗಿಸಿಕೊಂಡು ಬನ್ನಿ ಎಂದು ಗಂಡನಿಗೆ ಹೇಳಿದೆ. ಅವರು ಹೂಂ ಎಂದರು. ಅವರ ಹೂಂ ಎಂಥದು ಎಂದು ನನಗೆ ಗೊತ್ತಿದೆ.

ಮುಂದಿನ ಕೆಲಸ ತೇನಿಯ ಹೊರಗೆ ಒಂದು ಎಣ್ಣೆ ಮಿಲ್ಲಿನಲ್ಲಿ. ಬೆಳಿಗ್ಗೆ ಫ್ಯಾನು ಹಾಕಿದೆವು, ಮಿಷನ್ನು ಬಿಟ್ಟೆವು, ಎಲ್ಲ ಸರಿ ಇತ್ತು. ಭಾವ ಯಾರೂ ಹೇಳದೆಯೇ ಬೆಲ್ಟು ಕಟ್ಟಿಕೊಂಡರು, ಕೊಂಡಿಯನ್ನು ಎರಡು ಸಲ ಎಳೆದು ನೋಡಿದರು. ನನ್ನ ಗಂಡ ಪಂಪಿನ ಬಳಿ ಇದ್ದರು. ನಾನು ಹಾಳೆ ಹಿಡಿದು ಲಾರಿಯ ಕಡೆ ತಿರುಗಿದೆ. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಅದ್ಕೆ ಯೋಳ್ಬ್ಯಾಡ ತಾಯಿ. ಇತ್ಲಾಗ್ ತಿರ್ಗು."

ತಿರುಗಿದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಇದ್ದು, ಅವರ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇದೆ ಎಂಬುದು ಅವತ್ತು ಗೊತ್ತಾಯಿತು.

"ಆವತ್ತು ನೀನು ಲಾರಿಗೆ ಯೋಳಿದ್ದೆಲ್ಲ ನಂಗ್ ಕೇಳುಸ್ತಿತ್ತು," ಎಂದರು. "ಕೈ ಕಾಲು ಎಲ್ಲ ಬಿದ್ದೋಗಿತ್ತು, ಕಿವಿ ಒಂದೇ ಇದ್ದಿದ್ದು. ಲಾರಿಗ್ ತಾನೆ ಯೋಳ್ತಾ ಅವ್ಳೆ, ಲಾರಿ ನೋಡ್ಕೊಳ್ಲಿ ಅಂತ ಸುಮ್ಕೆ ಇದ್ಬುಟ್ಟೆ. ಅಪ್ಪುರಂ ಏಸ್ರು ಕೇಳುಸ್ತು. ಆ ಏಸ್ರಲ್ಲಿ ನನ್ನ ಕರ್ಯೋರು ಈಗ ಯಾರೂ ಇಲ್ಲೆ. ನಮ್ಮಪ್ಪ ಒಬ್ರೇ ಕರೀತಿದ್ದಿದ್ದು, ಬಾವಿ ಮ್ಯಾಲಿಂದ, ಉಣ್ಣಾಕೆ. ಅಪ್ಪ ಕರೀತಾ ಅವ್ರೆ ಅಂತ ಎದ್ದ್ ಬಂದೆ." ಕೊಂಡಿಯನ್ನು ಇನ್ನೊಮ್ಮೆ ಎಳೆದು ನೋಡಿ ಸೇರಿಸಿದರು: "ಇನಿಸಿಯಲ್ ಹಾಕಿ ಯಾಕ್ ಕರೀತಾ ಅವ್ರೆ ಅಂತ ಮಾತ್ರ ತಿಳೀಲಿಲ್ಲೆ."

ಹಾಳೆಯಲ್ಲಿ ಅವರ ಹೆಸರಿನ ಮುಂದೆ ನಾನೇ ಬರೆದ ಇನಿಷಿಯಲ್ಲನ್ನು ನೋಡಿದೆ. ಹದಿನೈದು ದಿನ ನಾನು ಸಿಟ್ಟು ಎಂದುಕೊಂಡದ್ದು ಸಿಟ್ಟಾಗಿರಲಿಲ್ಲ. ಅವರು ಮಾತಾಡದೆ ಅಪ್ಪನ ಆ ದನಿಯನ್ನು ಒಳಗೆ ಇಟ್ಟುಕೊಂಡಿದ್ದರು, ಅಷ್ಟೇ.

"ಇನ್ ಮ್ಯಾಕೂ ಅಂಗೇ ಕರಿ," ಎಂದರು. "ಕೆಳ್ಗಿದ್ದಾಗ ಮಾತ್ರ. ಮ್ಯಾಕ್ ಬಂದ್ಮ್ಯಾಕೆ ಲಾರಿಗೇ ಯೋಳು, ನಾಕ್ ಜನ ನೋಡ್ತಾರೆ."

ಹಾಗೆಯೇ ನಡೆಯುತ್ತಿದೆ. ತೊಟ್ಟಿಯ ಬಾಯಿಂದ ಮೇಲಕ್ಕೆ ನಮ್ಮ ಮನೆಯ ಕಟ್ಟಳೆ, ಅಲ್ಲಿಂದ ಕೆಳಕ್ಕೆ ಹೆಸರು. ಇನಿಷಿಯಲ್ಲು ಬಿಟ್ಟಿದ್ದೇನೆ. ಐದು ನಿಮಿಷಕ್ಕೊಮ್ಮೆ ಕರೆಯಬೇಕು ಎಂದು ಹಾಳೆಯಲ್ಲಿದೆ. ನಾನು ನಿಮಿಷಕ್ಕೊಮ್ಮೆ ಕರೆಯುತ್ತೇನೆ. ಹೀಗೆ ಕರೆಯುತ್ತಿದ್ದರೆ ಕೆಲಸ ಮುಗಿದ ಹಾಗೆಯೇ ಎಂದು ನನ್ನ ಗಂಡ ಪಂಪಿನ ಬಳಿಯಿಂದ ಗೊಣಗುತ್ತಾರೆ. ಕೆಳಗಿನಿಂದ ಒಂದು ಸಲವೂ ಬೇಸರದ ದನಿ ಬಂದಿಲ್ಲ. ಗಸಿಯಲ್ಲಿ ಮೊಣಕಾಲುದ್ದ ಹೂತು ನಿಂತ ಆ ಮುದುಕರು ಪ್ರತಿ ಸಲವೂ ಗೋರುವುದನ್ನು ನಿಲ್ಲಿಸುತ್ತಾರೆ, ತಲೆ ಎತ್ತುತ್ತಾರೆ, ಉಣ್ಣಲು ಕರೆಸಿಕೊಂಡ ಹುಡುಗನ ದನಿಯಲ್ಲಿ "ಬಂದೇ" ಎನ್ನುತ್ತಾರೆ.